ಆನಂದ್–ಅರೋನಿಯನ್, 2013: ಒಂದು ಚದುರಂಗ ಆಟ ಮತ್ತು ಅದರ ಆರಂಭಿಕ ನಡೆಗಳು

ಚದುರಂಗ ತರಗತಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ದೃಶ್ಯ ಹೊಸದಲ್ಲ. ಮಗು ಮೊದಲ ಎಂಟು-ಹತ್ತು ನಡೆಗಳನ್ನು ಕಣ್ಣು ಮಿಟುಕಿಸುವುದರೊಳಗೆ ಆಡಿಬಿಡುತ್ತದೆ. ಎದುರಾಳಿ ಪುಸ್ತಕದಲ್ಲಿಲ್ಲದ ಒಂದು ನಡೆ ಆಡಿದೊಡನೆ ಕೈ ನಿಂತುಹೋಗುತ್ತದೆ. "ಸರ್ ಹೇಳಿಕೊಟ್ಟಿದ್ದು ಇಲ್ಲಿಯವರೆಗೆ ಮಾತ್ರ" ಎಂಬ ಉತ್ತರ ಬರುತ್ತದೆ. ಹಾಗಾದರೆ ಆರಂಭಿಕ ನಡೆಗಳನ್ನು, ಅಂದರೆ ಓಪನಿಂಗ್ ಅನ್ನು, ಬಾಯಿಪಾಠ ಮಾಡಿಸಬೇಕೇ ಬೇಡವೇ? ಪಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಉತ್ತರಕ್ಕಾಗಿ ಒಂದು ನಿಜವಾದ ಪಂದ್ಯಾವಳಿಯ ಆಟವನ್ನೇ ನೋಡೋಣ. 2013ರ ಜನವರಿ 15ರಂದು ನೆದರ್ಲೆಂಡ್ಸ್‌ನ ವೈಕ್ ಆನ್ ಝೀ ಎಂಬ ಊರಿನಲ್ಲಿ ವಿಶ್ವನಾಥನ್ ಆನಂದ್ ಅವರು ಲೆವೊನ್ ಅರೋನಿಯನ್ ಅವರನ್ನು ಕೇವಲ 23 ನಡೆಗಳಲ್ಲಿ, ಅದೂ ಕಪ್ಪು ಕಾಯಿಗಳಲ್ಲಿ, ಸೋಲಿಸಿದ ಆಟವಿದು. ಮನೆಯಲ್ಲಿ ಚದುರಂಗದ ಹಾಸು ಇದ್ದರೆ ಎದುರಿಗೆ ಇಟ್ಟುಕೊಂಡು ಓದಿ. ಮಕ್ಕಳನ್ನೂ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಕಾಯಿ ಮತ್ತು ಮನೆಗಳ ಹೆಸರು

ಹಿರಿಯರು ಮಂತ್ರಿ ಎನ್ನುವ ಕಾಯಿಯನ್ನು ಇಲ್ಲಿ ರಾಣಿ ಎಂದಿದ್ದೇವೆ. ಮೂಲೆಯಲ್ಲಿರುವುದು ಆನೆ, ಅದರ ಪಕ್ಕ ಕುದುರೆ, ಓರೆಯಾಗಿ ಓಡುವುದು ಒಂಟೆ, ಮುಂದಿನ ಸಾಲಿನವು ಕಾಲಾಳುಗಳು. ಬಿಳಿ ಆಟಗಾರನ ಎಡದಿಂದ ಬಲಕ್ಕೆ ನೇರ ಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಸಂಖ್ಯೆ. ಹೀಗಾಗಿ ಬಿಳಿ ರಾಜ ಮೊದಲು ನಿಲ್ಲುವ ಮನೆ ಇ1, ಕಪ್ಪು ರಾಜನದು ಇ8.

ಪಂದ್ಯಾವಳಿ ಮತ್ತು ಆಟಗಾರರು

ವೈಕ್ ಆನ್ ಝೀ ಉತ್ತರ ಸಮುದ್ರದ ದಂಡೆಯ ಪುಟ್ಟ ಊರು. ಅಲ್ಲಿನ ಹೋಗೋವೆನ್ಸ್ ಉಕ್ಕಿನ ಕಾರ್ಖಾನೆಯ ಹೆಸರಿನಲ್ಲಿ 1938ರಲ್ಲಿ ಪಕ್ಕದ ಬೆವರ್‌ವೈಕ್ ಪಟ್ಟಣದಲ್ಲಿ ಆರಂಭವಾದ ಚದುರಂಗ ಪಂದ್ಯಾವಳಿ 1968ರಿಂದ ಈ ಊರಿನಲ್ಲಿ ನಡೆಯುತ್ತಿದೆ. ಕಾರ್ಖಾನೆ ಕೈ ಬದಲಾಗಿ ಕೊನೆಗೆ ಟಾಟಾ ಸಮೂಹಕ್ಕೆ ಸೇರಿದ ಮೇಲೆ, 2011ರಿಂದ, ಇದಕ್ಕೆ ಟಾಟಾ ಸ್ಟೀಲ್ ಚೆಸ್ ಎಂಬ ಹೆಸರು ಬಂದಿದೆ. 2013ರದ್ದು 75ನೆಯ ಪಂದ್ಯಾವಳಿ. ಮುಖ್ಯ ವಿಭಾಗದಲ್ಲಿ 14 ಆಟಗಾರರಿದ್ದು, ಪ್ರತಿಯೊಬ್ಬರೂ ಉಳಿದ 13 ಮಂದಿಯೊಡನೆ ಒಂದೊಂದು ಆಟ ಆಡಬೇಕಿತ್ತು.

ನಾಲ್ಕನೆಯ ಸುತ್ತಿನಲ್ಲಿ ಎದುರುಬದುರಾದ ಇಬ್ಬರೂ ಸಾಮಾನ್ಯರಲ್ಲ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಆನಂದ್ ಅವರು ಆಗ ಹಾಲಿ ವಿಶ್ವ ಚಾಂಪಿಯನ್. ಅವರಿಗೆ ವಯಸ್ಸು 43. ಈ ವಯಸ್ಸಿನಲ್ಲಿ ಅವರ ಆಟದ ಮೊನಚು ಕಡಿಮೆಯಾಗಿದೆ ಎಂಬ ಮಾತು ಆಗ ಸಾಕಷ್ಟು ಕೇಳಿಬರುತ್ತಿತ್ತು. ಅರ್ಮೇನಿಯಾದ ಅರೋನಿಯನ್ ಅವರು ಆಗ ವಿಶ್ವ ಶ್ರೇಯಾಂಕದ ಮೊದಲ ಸ್ಥಾನಗಳಲ್ಲಿದ್ದವರು. ಬಿಳಿ ಕಾಯಿ ಅವರದಾಗಿತ್ತು.

ಆರಂಭಿಕ ನಡೆಗಳು: ಸೆಮಿ-ಸ್ಲಾವ್, ಮೆರಾನ್ ಕವಲು

ಮೊದಲ 11 ನಡೆಗಳು ಹೀಗಿವೆ. ಪ್ರತಿ ಸಾಲಿನಲ್ಲಿ ಮೊದಲನೆಯದು ಬಿಳಿ, ಎರಡನೆಯದು ಕಪ್ಪು.

1. ಕಾಲಾಳು ಡಿ4, ಕಾಲಾಳು ಡಿ5
2. ಕಾಲಾಳು ಸಿ4, ಕಾಲಾಳು ಸಿ6
3. ಕುದುರೆ ಎಫ್3, ಕುದುರೆ ಎಫ್6
4. ಕುದುರೆ ಸಿ3; ಕಾಲಾಳು ಇ6
5. ಕಾಲಾಳು ಇ3, ಬಿ8ರ ಕುದುರೆ ಡಿ7
6. ಒಂಟೆ ಡಿ3, ಡಿ5ರ ಕಾಲಾಳು ಸಿ4ರ ಕಾಲಾಳನ್ನು ಹೊಡೆಯುತ್ತದೆ
7. ಒಂಟೆ ಸಿ4ರಲ್ಲಿ ಹೊಡೆಯುತ್ತದೆ, ಕಾಲಾಳು ಬಿ5
8. ಒಂಟೆ ಡಿ3, ಒಂಟೆ ಡಿ6
9. ರಾಜನ ಕಡೆಗೆ ಕ್ಯಾಸ್ಲಿಂಗ್; ರಾಜನ ಕಡೆಗೆ ಕ್ಯಾಸ್ಲಿಂಗ್
10. ರಾಣಿ ಸಿ2, ಒಂಟೆ ಬಿ7
11. ಕಾಲಾಳು ಎ3, ಎ8ರ ಆನೆ ಸಿ8

ಪಟ್ಟಿಯಾಗಿ ಓದಿದರೆ ಇದು ಬರೀ ಹೆಸರುಗಳ ಸರಮಾಲೆ. ಒಂದೊಂದು ನಡೆಯ ಕಾರಣ ಕೇಳಿದಾಗ ಅರ್ಥ ತೆರೆದುಕೊಳ್ಳುತ್ತದೆ.

ಎರಡನೆಯ ನಡೆಯಲ್ಲಿ ಬಿಳಿ ತನ್ನ ಸಿ ಕಾಲಾಳನ್ನು ಹೊಡೆತಕ್ಕೆ ಸಿಗುವಂತೆ ಇಡುತ್ತದೆ. ಕಪ್ಪಿನ ಡಿ5 ಕಾಲಾಳು ಅದರ ಆಸೆಗೆ ನಡುಮನೆ ಬಿಟ್ಟು ಹೋಗಲಿ ಎಂಬುದು ಉದ್ದೇಶ. ಇದೇ ಕ್ವೀನ್ಸ್ ಗ್ಯಾಂಬಿಟ್. ಕಪ್ಪು ಆಸೆಪಡದೆ ಸಿ6 ಮತ್ತು ಇ6 ಕಾಲಾಳುಗಳಿಂದ ಡಿ5ಕ್ಕೆ ಎರಡು ಕಡೆಯಿಂದ ಆಸರೆ ಕೊಡುತ್ತದೆ. ಸಿ6 ಮಾತ್ರ ಆಡಿದರೆ ಸ್ಲಾವ್, ಅದರ ಜೊತೆ ಇ6 ಕೂಡ ಆಡಿದರೆ ಸೆಮಿ-ಸ್ಲಾವ್.

ಈ ಕೋಟೆ ಗಟ್ಟಿ, ಆದರೆ ಒಂದು ಕೊರತೆಯಿದೆ. ಇ6ರ ಕಾಲಾಳು ಸಿ8ರಲ್ಲಿರುವ ಸ್ವಂತ ಒಂಟೆಯ ದಾರಿಯನ್ನೇ ಮುಚ್ಚುತ್ತದೆ. ಆ ಒಂಟೆಯನ್ನು ಹೊರಗೆ ತರುವುದು ಹೇಗೆ ಎಂಬುದೇ ಈ ಇಡೀ ಓಪನಿಂಗ್‌ನ ಮುಖ್ಯ ಪ್ರಶ್ನೆ. ಮೆರಾನ್ ಕವಲು ಕೊಡುವ ಉತ್ತರ ಹೀಗಿದೆ: ಬಿಳಿ ಒಂಟೆ ಡಿ3ಕ್ಕೆ ಬರುವವರೆಗೆ ಕಾಯಬೇಕು, ಆಮೇಲೆ ಸಿ4ರಲ್ಲಿ ಹೊಡೆಯಬೇಕು. ಆಗ ಬಿಳಿ ಒಂಟೆ ಮರುಹೊಡೆತಕ್ಕೆ ಮತ್ತೊಮ್ಮೆ ಚಲಿಸಬೇಕಾಗುತ್ತದೆ. ಕೂಡಲೇ ಬಿ5 ಆಡಿ ಅದನ್ನು ಮತ್ತೆ ಎಬ್ಬಿಸಬೇಕು. ಹೀಗೆ ಬಿಳಿ ಒಂಟೆ ಡಿ3, ಸಿ4, ಮತ್ತೆ ಡಿ3 ಎಂದು ಓಡಾಡುವಷ್ಟರಲ್ಲಿ ಕಪ್ಪಿಗೆ ಬಿ7 ಮನೆ ತೆರವಾಗಿ, ಸಿಕ್ಕಿಬಿದ್ದ ಒಂಟೆಗೆ ಜಾಗ ಸಿಗುತ್ತದೆ. ಮುಂದೆ ಸಿ6ರ ಕಾಲಾಳು ಸಿ5ಕ್ಕೆ ಹೋದರೆ ಬಿ7ರಿಂದ ಬಿಳಿ ರಾಜನ ಬಳಿಯ ಜಿ2ವರೆಗೂ ಓರೆ ದಾರಿ ಬಯಲಾಗುತ್ತದೆ.

ಇಷ್ಟು ತಿಳಿದ ಮಗುವಿಗೆ ನಡೆ ಮರೆತರೂ ಗುರಿ ಮರೆಯುವುದಿಲ್ಲ: ಸಿ5 ಆಡಬೇಕು, ಒಂಟೆಗೆ ದಾರಿ ಬಿಡಿಸಬೇಕು.

ಮೆರಾನ್ ಎಂಬುದು ಇಟಲಿಯ ಒಂದು ಊರು. 1924ರಲ್ಲಿ ಅಲ್ಲಿ ನಡೆದ ಪಂದ್ಯಾವಳಿಯಲ್ಲಿ ಪೋಲೆಂಡ್‌ನ ಅಕಿಬಾ ರೂಬಿನ್‌ಸ್ಟೈನ್ ಅವರು ಕಪ್ಪು ಕಾಯಿಗಳಲ್ಲಿ ಅರ್ನ್ಸ್ಟ್ ಗ್ರೂನ್‌ಫೆಲ್ಡ್ ಅವರ ಎದುರು ಈ ಕ್ರಮವನ್ನು ಆಡಿ ಗೆದ್ದರು. ಅಂದಿನಿಂದ ಆ ಊರಿನ ಹೆಸರೇ ಇದಕ್ಕೆ ನಿಂತಿತು. ಎಂಟನೆಯ ನಡೆಯಲ್ಲಿ ರೂಬಿನ್‌ಸ್ಟೈನ್ ಎ6 ಆಡಿದ್ದರು, ಆನಂದ್ ಒಂಟೆಯನ್ನು ಡಿ6ಕ್ಕೆ ತಂದರು. ರೂಬಿನ್‌ಸ್ಟೈನ್ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಹನ್ನೆರಡನೆಯ ನಡೆಯಿಂದ ಕಾಳಗ

12ನೆಯ ನಡೆಯಲ್ಲಿ ಅರೋನಿಯನ್ ಅವರ ಕುದುರೆ ಎಫ್3ರಿಂದ ಜಿ5ಕ್ಕೆ ಜಿಗಿಯಿತು. ಗುರಿ ಎಚ್7ರ ಕಾಲಾಳು. ಸಿ2ರ ರಾಣಿ, ಡಿ3ರ ಒಂಟೆ, ಜಿ5ರ ಕುದುರೆ ಮೂರೂ ಆ ಒಂದೇ ಮನೆಯತ್ತ ನೋಡುತ್ತಿವೆ. ನಾವಾಗಿದ್ದರೆ ಆ ಕಾಲಾಳನ್ನು ಕಾಯುವ ಯೋಚನೆ ಮಾಡುತ್ತಿದ್ದೆವು. ಆನಂದ್ ಅದನ್ನು ಕಾಯದೆ ಸಿ5 ಆಡಿದರು. ಓಪನಿಂಗ್‌ನ ಮೂಲ ಗುರಿ ಅದೇ ಆಗಿತ್ತಲ್ಲವೇ?

13ರಲ್ಲಿ ಬಿಳಿ ಕುದುರೆ ಎಚ್7ರಲ್ಲಿ ಕಾಲಾಳನ್ನು ಹೊಡೆಯಿತು. ಅದನ್ನು ಕಪ್ಪು ರಾಜ ಹೊಡೆಯುವಂತಿಲ್ಲ, ಹಿಂದೆ ಡಿ3ರ ಒಂಟೆಯ ಕಾವಲಿದೆ. ಮೇಲಾಗಿ ಅದು ಎಫ್8ರ ಆನೆಯ ಮೇಲೂ ಕಣ್ಣಿಟ್ಟಿದೆ. ಆನಂದ್ ಆನೆಯ ಗೋಜಿಗೂ ಹೋಗಲಿಲ್ಲ. ಎಫ್6ರ ಕುದುರೆಯನ್ನು ಜಿ4ಕ್ಕೆ ತಂದರು. ಈಗ ಡಿ6ರ ಒಂಟೆ ಮತ್ತು ಜಿ4ರ ಕುದುರೆ ಎರಡೂ ಬಿಳಿ ರಾಜನ ಪಕ್ಕದ ಎಚ್2ರ ಮೇಲೆ ಬಿದ್ದಿವೆ.

14ರಲ್ಲಿ ಬಿಳಿ ಎಫ್4 ಆಡಿ ಆ ಒಂಟೆಯ ದಾರಿಗೆ ಅಡ್ಡ ಹಾಕಿತು. ನೋಡಲು ಸರಿಯಾದ ನಡೆ. ಆದರೆ ಒಂದು ಬಾಗಿಲು ಮುಚ್ಚುವಾಗ ಇನ್ನೊಂದು ತೆರೆಯಿತು. ಎಫ್2ರಲ್ಲಿ ಕಾಲಾಳು ಇಲ್ಲವಾದ್ದರಿಂದ ಸಿ5ರಿಂದ ಜಿ1ರ ರಾಜನವರೆಗಿನ ಓರೆ ಸಾಲು ದುರ್ಬಲವಾಯಿತು. ಕಪ್ಪು ಸಿ ಕಾಲಾಳಿನಿಂದ ಡಿ4ರಲ್ಲಿ ಹೊಡೆಯಿತು. 15ರಲ್ಲಿ ಬಿಳಿಯ ಇ ಕಾಲಾಳು ಅಲ್ಲೇ ಮರಳಿ ಹೊಡೆಯಿತು. ಆಗ ಆನಂದ್ ಡಿ6ರ ಒಂಟೆಯನ್ನು ಸಿ5ಕ್ಕೆ ಸರಿಸಿದರು. ಡಿ4ರ ಕಾಲಾಳು ಅದನ್ನು ಹೊಡೆಯಬಹುದಾದ ಮನೆ ಅದು!

16ರಲ್ಲಿ ಅರೋನಿಯನ್ ಒಂಟೆಯನ್ನು ಡಿ3ರಿಂದ ಇ2ಕ್ಕೆ ಇಳಿಸಿ ಜಿ4ರ ಕುದುರೆಗೆ ಗುರಿ ಇಟ್ಟರು. ಆನಂದ್ ಅವರ ಉತ್ತರ ಡಿ7ರ ಕುದುರೆ ಇ5ಕ್ಕೆ. ಈ ಆಟವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಈ ನಡೆಗಾಗಿ. ಇಲ್ಲಿ ಹಾಸಿನ ಮೇಲೆ ನಿಲ್ಲಿಸಿ ಮಕ್ಕಳನ್ನು ಕೇಳಿ: ಕಪ್ಪಿನ ಎಷ್ಟು ಕಾಯಿಗಳು ಹೊಡೆತಕ್ಕೆ ಸಿಕ್ಕಿವೆ? ಸಿ5ರ ಒಂಟೆ, ಇ5ರ ಕುದುರೆ, ಜಿ4ರ ಕುದುರೆ, ಎಫ್8ರ ಆನೆ, ಒಟ್ಟು ನಾಲ್ಕು. ಬಿಳಿ ಯಾವುದನ್ನು ಬೇಕಾದರೂ ಹೊಡೆಯಬಹುದು.

ಆದರೆ ಡಿ7ರಿಂದ ಕುದುರೆ ಎದ್ದದ್ದರಿಂದ ಡಿ8ರ ರಾಣಿಗೆ ಡಿ4ವರೆಗೂ ದಾರಿ ಬಯಲಾಗಿದೆ. ಬಿಳಿ ಎಫ್4ರ ಕಾಲಾಳಿನಿಂದ ಇ5ರ ಕುದುರೆಯನ್ನು ಹೊಡೆದರೆ ಏನಾಗುತ್ತದೆ ನೋಡಿ. ಕಪ್ಪು ರಾಣಿ ಡಿ4ರಲ್ಲಿ ಹೊಡೆದು ಚೆಕ್. ರಾಜ ಎಚ್1ರ ಮೂಲೆಗೆ ಹೋದರೆ ರಾಣಿ ಸೀದಾ ಜಿ1ಕ್ಕೆ ಬಂದು ಮತ್ತೆ ಚೆಕ್! ಸಿ5ರ ಒಂಟೆಯ ಕಾವಲಿರುವುದರಿಂದ ರಾಜ ಆ ರಾಣಿಯನ್ನು ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಹೊಡೆದೊಡನೆ ಜಿ4ರ ಕುದುರೆ ಎಫ್2ಕ್ಕೆ ಜಿಗಿದು ಚೆಕ್‌ಮೇಟ್. ಬಿಳಿ ರಾಜ ತನ್ನದೇ ಆನೆ, ತನ್ನದೇ ಕಾಲಾಳುಗಳ ನಡುವೆ ಉಸಿರುಗಟ್ಟಿ ಸೋಲುತ್ತಾನೆ. ಇದಕ್ಕೆ ಸ್ಮದರ್ಡ್ ಮೇಟ್ ಎನ್ನುತ್ತಾರೆ.

ಅರೋನಿಯನ್ ಆ ಬಲೆಗೆ ಬೀಳಲಿಲ್ಲ. 17ರಲ್ಲಿ ಒಂಟೆಯಿಂದ ಜಿ4ರ ಕುದುರೆಯನ್ನು ಹೊಡೆದರು. ಕಪ್ಪು ಒಂಟೆ ಡಿ4ರಲ್ಲಿ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. 18ರಲ್ಲಿ ರಾಜ ಎಚ್1ಕ್ಕೆ ಸರಿದ, ಇ5ರ ಕುದುರೆ ಜಿ4ರಲ್ಲಿ ಬಿಳಿ ಒಂಟೆಯನ್ನು ಹೊಡೆಯಿತು. 19ರಲ್ಲಿ ಬಿಳಿ ಕುದುರೆ ಎಫ್8ರ ಆನೆಯನ್ನು ನುಂಗಿತು. ಈಗ ರಾಜ ಅದನ್ನು ಹೊಡೆಯಬಹುದಿತ್ತು. ಆನಂದ್ ಅವಸರ ಮಾಡದೆ ಎಫ್5 ಆಡಿದರು. ಈ ಒಂದು ಕಾಲಾಳು ಸಿ2ರ ರಾಣಿಗೆ ಎಚ್7ರ ದಾರಿ ಮುಚ್ಚಿತು, ಜಿ4ರ ಕುದುರೆಗೂ ಆಸರೆಯಾಯಿತು.

ಮುಂದಿನ ಬೆದರಿಕೆ ಕಪ್ಪು ರಾಣಿ ಎಚ್4ಕ್ಕೆ ಬರುವುದು. ಅದನ್ನು ತಡೆಯಲು 20ರಲ್ಲಿ ಬಿಳಿ ಕುದುರೆ ಜಿ6ಕ್ಕೆ ಹೋಯಿತು, ಕಪ್ಪು ರಾಣಿ ಎಫ್6ಕ್ಕೆ ಬಂದು ಅದನ್ನೇ ಅಟ್ಟಿತು. 21ರಲ್ಲಿ ಬಿಳಿ ಎಚ್3. ಕಪ್ಪು ರಾಣಿ ಜಿ6ರ ಕುದುರೆಯನ್ನು ಹೊಡೆಯಿತು. ಈಗ ಎಚ್3ರ ಕಾಲಾಳು ಜಿ4ರ ಕುದುರೆಯನ್ನು ಹೊಡೆದರೆ ಎಚ್ ಸಾಲು ಖಾಲಿಯಾಗಿ ರಾಣಿ ಎಚ್6ರಲ್ಲಿ ಚೆಕ್‌ಮೇಟ್ ಮಾಡುತ್ತದೆ. 22ರಲ್ಲಿ ಬಿಳಿ ರಾಣಿ ಇ2. ಕಪ್ಪು ರಾಣಿ ಎಚ್5. 23ರಲ್ಲಿ ಎಚ್3ನ್ನು ಕಾಯಲು ಬಿಳಿ ರಾಣಿ ಡಿ3ಕ್ಕೆ ಬಂತು. ಆನಂದ್ ಒಂಟೆಯನ್ನು ಡಿ4ರಿಂದ ಇ3ಕ್ಕೆ ಇಟ್ಟು ಆ ಕಾವಲಿನ ನಡುವೆ ಗೋಡೆ ಎಬ್ಬಿಸಿದರು. ಸಿ1ರ ಒಂಟೆ ಅದನ್ನು ಹೊಡೆದರೂ ಗೋಡೆ ಹಾಗೆಯೇ ಇರುತ್ತದೆ, ಕಪ್ಪು ರಾಣಿ ಎಚ್3ರಲ್ಲಿ ಹೊಡೆದು ಮುಗಿಸುತ್ತದೆ. ಬಿ7ರ ಒಂಟೆ ಜಿ2ರ ಕಾಲಾಳನ್ನು ಕಟ್ಟಿಹಾಕಿರುವುದರಿಂದ ಅದು ತಿರುಗಿ ಹೊಡೆಯುವಂತಿಲ್ಲ. ಬಿಳಿ ರಾಣಿಯೇ ಇ3ರಲ್ಲಿ ಹೊಡೆದರೆ ಕುದುರೆಗೆ ರಾಣಿ ಸಿಗುತ್ತದೆ. ಅರೋನಿಯನ್ ಸೋಲೊಪ್ಪಿ ಕೈಕುಲುಕಿದರು.

ಲೆಕ್ಕದಲ್ಲಿ ಮುಂದಿದ್ದವರು ಸೋತರು

ಆಟ ಮುಗಿದಾಗ ಹಾಸಿನ ಮೇಲೆ ಇದ್ದ ಕಾಯಿಗಳನ್ನು ಎಣಿಸಿ. ಎರಡೂ ಕಡೆ ಒಂದೊಂದು ರಾಣಿ, ಒಂದೊಂದು ಕುದುರೆ, ಐದೈದು ಕಾಲಾಳು. ಬಿಳಿಗೆ ಎರಡು ಆನೆ, ಒಂದು ಒಂಟೆ. ಕಪ್ಪಿಗೆ ಒಂದು ಆನೆ, ಎರಡು ಒಂಟೆ. ಆನೆಗೆ 5, ಒಂಟೆಗೆ 3 ಎಂಬ ವಾಡಿಕೆಯ ಲೆಕ್ಕದಲ್ಲಿ ಸೋತವರೇ 2 ಅಂಕ ಮುಂದಿದ್ದಾರೆ!

ಕಾರಣವೂ ಹಾಸಿನ ಮೇಲೇ ಇದೆ. ಎ1ರ ಬಿಳಿ ಆನೆ ಮತ್ತು ಸಿ1ರ ಬಿಳಿ ಒಂಟೆ 23 ನಡೆಗಳಲ್ಲಿ ಒಮ್ಮೆಯೂ ಕದಲಲಿಲ್ಲ. ಅದೇ ಹೊತ್ತಿಗೆ ಒಂದೇ ಕುದುರೆ ಎಫ್3, ಜಿ5, ಎಚ್7, ಎಫ್8, ಜಿ6 ಎಂದು ಐದು ನಡೆ ಓಡಿ, ಒಂದು ಕಾಲಾಳು ಮತ್ತು ಒಂದು ಆನೆಯನ್ನು ಗಳಿಸಿ, ಕೊನೆಗೆ ತಾನೂ ಬಿತ್ತು. ಕಪ್ಪಿನ ಕಡೆ ಮನೆಯಲ್ಲಿ ಸುಮ್ಮನೆ ಕುಳಿತ ಕಾಯಿಯೇ ಇರಲಿಲ್ಲ. ಒಂದು ಕಾಲದಲ್ಲಿ ಸಿ8ರಲ್ಲಿ ಸಿಕ್ಕಿಬಿದ್ದಿದ್ದ ಒಂಟೆಯೇ ಕೊನೆಯಲ್ಲಿ ಜಿ2ನ್ನು ಕಟ್ಟಿಹಾಕಿದ್ದು.

ನೂರು ವರ್ಷ ಹಿಂದಿನ ನೆನಪು

ಈ ಆಟವನ್ನು ನೋಡಿದ ಬಲ್ಲವರಿಗೆಲ್ಲ ಕೂಡಲೇ ನೆನಪಾದದ್ದು 1907ರಲ್ಲಿ ಪೋಲೆಂಡ್‌ನ ಲೋಡ್ಜ್ ನಗರದಲ್ಲಿ ನಡೆದ ರೋಟ್ಲೆವಿ–ರೂಬಿನ್‌ಸ್ಟೈನ್ ಆಟ. ಅಲ್ಲೂ ಗೆದ್ದದ್ದು ಕಪ್ಪು. ಅಲ್ಲೂ ಬಿಳಿ ಎಫ್4 ಆಡಿತ್ತು, ಬಿಳಿ ರಾಜ ಎಚ್1ರ ಮೂಲೆ ಸೇರಿದ್ದ, ಕಪ್ಪು ಕುದುರೆ ಜಿ4ರಲ್ಲಿತ್ತು, ಒಂದು ಒಂಟೆ ಬಿ7ರಿಂದ, ಇನ್ನೊಂದು ಬಿ6ರಿಂದ ರಾಜನ ಮನೆಯತ್ತ ನೋಡುತ್ತಿದ್ದವು. ರೂಬಿನ್‌ಸ್ಟೈನ್ ತಮ್ಮ ರಾಣಿಯನ್ನು ಎಚ್4ರಲ್ಲಿ ಹೊಡೆತಕ್ಕೆ ಬಿಟ್ಟು ಆನೆಯಿಂದ ಸಿ3ರ ಕುದುರೆಯನ್ನು ಹೊಡೆದರು. ರಾಣಿ ಹೋದ ಮೇಲೆ ಇನ್ನೊಂದು ಆನೆಯನ್ನೂ ಡಿ2ರಲ್ಲಿ ಒಡ್ಡಿದರು. 25ನೆಯ ನಡೆಯಲ್ಲಿ ಆನೆಯನ್ನು ಎಚ್3ಕ್ಕೆ ಇಟ್ಟಾಗ ಬಿಳಿಗೆ ದಾರಿ ಉಳಿದಿರಲಿಲ್ಲ.

1880ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡ ರೂಬಿನ್‌ಸ್ಟೈನ್ ಅವರಿಗೆ ವಿಶ್ವ ಚಾಂಪಿಯನ್ ಪಟ್ಟ ದಕ್ಕಲಿಲ್ಲ. ಲಾಸ್ಕರ್ ಅವರೊಡನೆ ನಡೆಯಬೇಕಿದ್ದ ಪಂದ್ಯ 1914ರ ಮಹಾಯುದ್ಧದಿಂದಾಗಿ ನಡೆಯಲೇ ಇಲ್ಲ. ಆದರೆ ಆನಂದ್ ಆಡಿದ ಓಪನಿಂಗ್‌ಗೆ ಹೆಸರು ತಂದವರೂ ಅವರೇ, ಆನಂದ್ ಮುಗಿಸಿದ ರೀತಿಗೆ ಮಾದರಿಯೂ ಅವರ ಆಟವೇ.

ತಯಾರಿ ಎಂದರೆ ಯಾವುದು?

ಜಿ4ಕ್ಕೆ ಕುದುರೆ ತರುವ ಈ ಆಲೋಚನೆ ಹಾಸಿನ ಮುಂದೆ ದಿಢೀರನೆ ಹೊಳೆದದ್ದಲ್ಲ. 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ಅವರೊಡನೆ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕಾಗಿ ತಮ್ಮ ತಂಡದೊಡನೆ ಮಾಡಿಕೊಂಡಿದ್ದ ತಯಾರಿಯ ಭಾಗ ಇದು ಎಂದು ಆನಂದ್ ಹೇಳಿದ್ದಾರೆ. ಆ ಪಂದ್ಯ 6–6 ಸಮವಾಗಿ, ಕೊನೆಗೆ ವೇಗದ ಆಟಗಳಲ್ಲಿ ಆನಂದ್ ಗೆದ್ದರು. ಆದರೆ ಈ ತಯಾರಿಯನ್ನು ಹೊರತೆಗೆಯುವ ಸಂದರ್ಭ ಅಲ್ಲಿ ಬರಲಿಲ್ಲ. ಎಂಟು ತಿಂಗಳ ನಂತರ ಬೇರೊಂದು ಊರಿನಲ್ಲಿ, ಬೇರೊಬ್ಬ ಎದುರಾಳಿಯ ಮುಂದೆ ಅದು ಕೈಗೆ ಬಂತು. ಅಂದು ಫಲ ಕೊಡದ ಓದು ವ್ಯರ್ಥವಾಯಿತು ಎಂದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಬಾಯಿಪಾಠ ಬೇಡವೇ? ಬೇಕು, ವಿಶ್ವ ಚಾಂಪಿಯನ್ನರೂ ಮಾಡುತ್ತಾರೆ. ಆದರೆ ಕಾರಣ ಗೊತ್ತಿಲ್ಲದ ನಡೆ ಮರೆತರೆ ಪೂರ್ತಿ ಹೋಯಿತು. ಕಾರಣ ಗೊತ್ತಿರುವ ನಡೆ ಮರೆತರೂ ಮತ್ತೆ ಹುಡುಕಿಕೊಳ್ಳಬಹುದು. ಪಾಲಕರು ಚದುರಂಗ ಬಲ್ಲವರಲ್ಲದಿದ್ದರೂ ಮಾಡಬಹುದಾದ ಮೂರು ಕೆಲಸಗಳಿವೆ.

- ಮಗು ಓಪನಿಂಗ್ ಆಡುವಾಗ ಪ್ರತಿ ನಡೆಗೂ "ಯಾಕೆ?" ಎಂದು ಕೇಳಿ. ಉತ್ತರ ಬಾರದ ಜಾಗವೇ ಮುಂದಿನ ಪಾಠ.
- ಹತ್ತನೆಯ ನಡೆಯ ನಂತರ ಆಟ ನಿಲ್ಲಿಸಿ, ಇನ್ನೂ ಮೊದಲ ಮನೆಯಲ್ಲೇ ಕುಳಿತ ಕಾಯಿಗಳನ್ನು ಎಣಿಸಲು ಹೇಳಿ.
- ವಾರಕ್ಕೆ ಒಂದು ಹಳೆಯ ಆಟವನ್ನು ಮೊದಲಿಂದ ಕೊನೆಯವರೆಗೆ ಆಡಿಸಿ. 1907ರ ಆಟವಿಂದಲೇ ಆರಂಭಿಸಬಹುದು.

ಕೊನೆಯದಾಗಿ, ಫಲಿತಾಂಶದ ಮಾತು. ಅಂದು 23 ನಡೆಗಳಲ್ಲಿ ಸೋತ ಅರೋನಿಯನ್ ಆ ಪಂದ್ಯಾವಳಿಯಲ್ಲಿ 8.5 ಅಂಕಗಳೊಡನೆ ಎರಡನೆಯ ಸ್ಥಾನ ಪಡೆದರು. ಗೆದ್ದ ಆನಂದ್ ಕೊನೆಯ ಸುತ್ತಿನಲ್ಲಿ ಸೋತು, 8 ಅಂಕಗಳೊಡನೆ ಮೂರನೆಯ ಸ್ಥಾನವನ್ನು ಹಂಚಿಕೊಂಡರು. ಪ್ರಶಸ್ತಿ 10 ಅಂಕ ಗಳಿಸಿದ ಮ್ಯಾಗ್ನಸ್ ಕಾರ್ಲ್‌ಸನ್ ಅವರದಾಯಿತು. ಪಂದ್ಯಾವಳಿಯಿಂದ ಸೋತು ಅಳುತ್ತಾ ಮನೆಗೆ ಬಂದ ಮಗುವಿಗೆ ಈ ಮೂರು ಸಾಲುಗಳನ್ನು ಓದಿ ಹೇಳಿ. ಆಮೇಲೆ ಹಾಸು ಬಿಡಿಸಿ, ಸೋತ ಆಟವನ್ನೇ ಇನ್ನೊಮ್ಮೆ ಜೊತೆಯಾಗಿ ಆಡಿ ನೋಡಿ.